ಫೋಟೊ ಮಾತ್ರ ಬಾದಾಮಿಯದು

ಶಿಶುಗಳ ಲೋಷನ್ ಬಾಟಲಿಯ ಮುಂಭಾಗವನ್ನು ಕವಿಗಳು ಬರೆಯುತ್ತಾರೆ, ಹಿಂಭಾಗವನ್ನು ಕಾನೂನಿಗೆ ಹೆದರಿದವರು. ಮುಂದೆ ಹೆಬ್ಬೆರಳು ಗಾತ್ರದ ಬಾದಾಮಿ, ಹಾಲಿನ ಹನಿ, ನಗುವ ಕೂಸು. ಹಿಂದೆ ಅಜ್ಜಿಯ ಕನ್ನಡಕ, ಅಪ್ಪನ ಮೊಬೈಲ್ ಟಾರ್ಚ್ ಎರಡೂ ಸೇರಿದರೆ ಮಾತ್ರ ದಕ್ಕುವ ಪದಾರ್ಥಗಳ ಪಟ್ಟಿ.

ಪಟ್ಟಿಗೊಂದು ಪಂಕ್ತಿಕ್ರಮವಿದೆ. ಶೇಕಡ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಉಳಿದವು ಆಮೇಲೆ ಹೇಗೆ ಬೇಕಾದರೂ ಕೂರಬಹುದು. ಹಾಗಾಗಿ ಮೊದಲ ಪಂಕ್ತಿಯಲ್ಲಿ ನೀರು, ಗ್ಲಿಸರಿನ್, ಪೆಟ್ರೋಲಿಯಂ ಮೂಲದ ಮಿನರಲ್ ಆಯಿಲ್ ಇತ್ಯಾದಿ ಗಣ್ಯರು. ಲಗ್ನಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಹೆಸರು ಹಾಕಿಸಿಕೊಂಡ ಬಾದಾಮಿ ಎಲ್ಲಿ? ಎಷ್ಟೋ ಬಾಟಲಿಗಳಲ್ಲಿ ಅದು ಕಡೆಯ ಪಂಕ್ತಿಯಲ್ಲಿ, ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕದ ಆಚೆ. ಆ ಸಂರಕ್ಷಕಕ್ಕಿರುವ ಗರಿಷ್ಠ ಮಿತಿಯೇ ಶೇಕಡ 1. ಅದರಾಚೆ ಕೂತ ಬಾದಾಮಿಯ ಪಾಲು ಎಷ್ಟೆಂದು ಲೆಕ್ಕ ಹಾಕಿ. ಲೋಷನ್ನಿಗೆ ಬಾದಾಮಿಯನ್ನು ದೂರದಿಂದ ತೋರಿಸಿ ವಾಪಸ್ ಒಯ್ದಿರಬೇಕು.

ಹಾಗೆಂದು ಮಿನರಲ್ ಆಯಿಲನ್ನು ಬೈಯಬೇಕಿಲ್ಲ. ಚೆನ್ನಾಗಿ ಶುದ್ಧೀಕರಿಸಿದ್ದು ಚರ್ಮದ ತೇವವನ್ನು ಹಿಡಿದಿಡುತ್ತದೆ. ಸಂರಕ್ಷಕವಿಲ್ಲದಿದ್ದರೆ ನೀರಿನಂಶದ ಲೋಷನ್ನಿನಲ್ಲಿ ಬೂಷ್ಟು ಬೆಳೆಯುತ್ತದೆ. ದುಡಿಯುವವರು ಇವರೇ, ಫೋಟೊ ಮಾತ್ರ ಬಾದಾಮಿಯದು.

ಇನ್ನು ಬಿರುದುಗಳು. ‘ರಾಸಾಯನಿಕ ಮುಕ್ತ’ ಎಂಬುದನ್ನು ಅಕ್ಷರಶಃ ಪಾಲಿಸುವುದಾದರೆ ನೀರನ್ನೂ ಹಾಕುವಂತಿಲ್ಲ, ಪ್ಲಾಸ್ಟಿಕ್ ಬಾಟಲಿಯನ್ನೂ ಕೊಡುವಂತಿಲ್ಲ. ಗಿರಾಕಿಗೆ ಬಿಲ್ಲನ್ನಷ್ಟೇ ಕೊಟ್ಟು ಕಳುಹಿಸಬೇಕು. (ಅದರ ಶಾಯಿಯ ಬಗ್ಗೆ ಆಮೇಲೆ ನೋಡೋಣ.) ‘ಚರ್ಮತಜ್ಞರಿಂದ ಪರೀಕ್ಷಿತ’ ಎಂದರೆ ಪರೀಕ್ಷೆ ನಡೆದಿದೆ ಎಂದಷ್ಟೇ; ಫಲಿತಾಂಶ ಕೇಳುವುದು ಅಸಭ್ಯತೆ. ‘ಹೈಪೋಅಲರ್ಜೆನಿಕ್’, ಅಂದರೆ ಅಲರ್ಜಿ ತರುವ ಸಾಧ್ಯತೆ ಕಡಿಮೆ, ಎನ್ನಲು ಪರೀಕ್ಷೆಯ ಆಧಾರ ಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1975ರಲ್ಲಿ ನಿಯಮ ತಂದಿತ್ತು. ಕಂಪನಿಗಳು ಕೋರ್ಟಿಗೆ ಹೋದವು, 1977ರಲ್ಲಿ ನಿಯಮ ಬಿದ್ದುಹೋಯಿತು. ಅಲ್ಲಿಂದೀಚೆಗೆ ಆ ದೇಶದಲ್ಲಿ ಕಂಪನಿ ಹೇಳಿದ್ದೇ ಅದರ ಅರ್ಥ.

ಪಟ್ಟಿಯಲ್ಲಿ ‘ಪರ್ಫ್ಯೂಮ್’ ಎಂದು ಒಂದೇ ಹೆಸರಿರುತ್ತದೆ; ಒಳಗೆ ಹತ್ತಾರು ಪದಾರ್ಥಗಳ ಅವಿಭಕ್ತ ಕುಟುಂಬವೇ ಇರಬಹುದು. ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಈ ಮನೆತನಕ್ಕೆ ಒಳ್ಳೆಯ ಹೆಸರಿದೆ. ಆದರೂ ಮನೆಯ ಯಜಮಾನನ ಹೆಸರಷ್ಟೇ ಸಾಕು, ಸದಸ್ಯರನ್ನು ವಿಚಾರಿಸಬೇಡಿ.

ಒಂದು ವಿಷಯದಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಅನೇಕ ಬಾಟಲಿಗಳ ಮೇಲೆ ಹಸಿರು ಚುಕ್ಕಿ ಢಾಳಾಗಿ ಕಾಣುತ್ತದೆ. ಹಚ್ಚಿದ ಮೇಲೆ ಮಗುವಿನ ಮೈಯೆಲ್ಲ ಕೆಂಪಾದರೂ ಹಿರಿಯರು ನಿಶ್ಚಿಂತರಾಗಿರಬಹುದು: ಎದ್ದದ್ದು ಶುದ್ಧ ಸಸ್ಯಾಹಾರಿ ದದ್ದು.