ಕಪಿಲ್‌ದೇವ್, ನಾನು ಮತ್ತು ಹರಳೆಣ್ಣೆ

ವಿಆರ್‌ಎಸ್ ತಗೊಂಡ ಮೂರನೇ ತಿಂಗಳಿಗೆ ನನ್ನಾಕೆ "ರೀ, ದಿನಕ್ಕೆ ಎಷ್ಟು ಸಲ ಫ್ರಿಜ್ ಬಾಗಿಲು ತೆಗೀತೀರ ಗೊತ್ತಾ?" ಅಂತ ಕೇಳಿದ್ಲು, ಮಾರನೇ ದಿನ ನೋಡಿದ್ರೆ ನಮ್ಮ ಬಡಾವಣೆಯ ಸಮುದಾಯ ಭವನದ ಕ್ಲಾಸಿಗೆ ನನ್ನ ಹೆಸರು ಸೇರಿಹೋಗಿತ್ತು. ಆರು ಶನಿವಾರ, ಐನೂರು ರೂಪಾಯಿ. ಮೊದಲೆರಡು ವಾರ ಚಿತ್ರ, ಆಮೇಲೆರಡು ವಾರ ಕಥೆ ಹೇಳೋದು, ಕೊನೇ ಎರಡು ವಾರ ನಮ್ಮ ಬದುಕನ್ನ ನಾವೇ ಬರೆಯೋದು. ಟೀ ಬಿಸ್ಕತ್ತು ಫ್ರೀ ಅನ್ನೋದೊಂದೇ ನನಗೆ ಅರ್ಥ ಆಗಿದ್ದು.

ಚಿತ್ರ ಅಂದ್ರೆ ಮೈಸೂರು ಶೈಲಿ. ಬಿಳಿ ಪುಡಿಗೆ ಗೋಂದು ಕಲಸಿ ಒಡವೆ, ಕಿರೀಟ ಎಲ್ಲಾ ತೆಳ್ಳಗೆ ಉಬ್ಬಿಸಬೇಕು, ಒಣಗಿದ ಮೇಲೆ ಅದರ ಮೇಲೆ ಚಿನ್ನದ ರೇಕು ಅಂಟಿಸಬೇಕು. ರೇಕು ಅನ್ನೋದು ಉಸಿರು ಬಿಟ್ರೆ ಹಾರೋವಷ್ಟು ಹಗುರ (ಐನೂರು ರೂಪಾಯಿಗೆ ಅಸಲಿ ಎಲ್ಲಿಂದ ಬರ್ಬೇಕು, ನಮ್ಮದು ಡೂಪ್ಲಿಕೇಟೇ). ನಾನು ಉಸಿರು ಬಿಗಿಹಿಡಿದು, ಬಿಗಿಹಿಡಿದು, ಕಡೆಗೆ ಸೀನಿಬಿಟ್ಟೆ. ನನ್ನ ಗಣಪತಿಯ ಕಿರೀಟ ಹೋಗಿ ಪಕ್ಕದಲ್ಲಿದ್ದ ರಿಟೈರ್ಡ್ ಹೆಡ್‌ಮಿಸ್ ಮೇಡಮ್ಮೋರ ಗಲ್ಲಕ್ಕೆ ಅಂಟ್ಕೊಂಡ್ತು. ಅವರು ಮೂವತ್ತು ವರ್ಷ ಮಕ್ಕಳನ್ನ ನೋಡಿದ ಅದೇ ನೋಟದಲ್ಲಿ ನನ್ನ ಕಡೆ ನೋಡಿದ್ರು, ನಾನು ತಾನಾಗೇ ಎದ್ದು ನಿಂತೆ.

ಕಥೆ ವಾರ ಕಾಗಕ್ಕ ಗುಬ್ಬಕ್ಕ ಹೇಳಿದೆ. ಹುಟ್ಟಿದಾಗಿಂದ ಕೇಳಿದ ಕಥೆ, ಅದರಲ್ಲೇನು ಅಂತ ಎದೆ ಉಬ್ಬಿಸಿ ಶುರು ಮಾಡಿದವನು ಕಾಗಕ್ಕನದು ಕಲ್ಲಿನ ಮನೆ, ಗುಬ್ಬಕ್ಕನದು ಸಗಣಿ ಮನೆ ಅಂತ ಉಲ್ಟಾ ಹೇಳಿಬಿಟ್ಟೆ, ಮಳೆ ಬರೋ ಹೊತ್ತಿಗೆ ತಪ್ಪು ಗೊತ್ತಾಯ್ತು, ಆದ್ರೆ ಕಥೆ ಪ್ರಕಾರ ಕಾಗಕ್ಕ ಹೋಗಿ ಗುಬ್ಬಕ್ಕನ ಬಾಗಿಲು ತಟ್ಟಲೇಬೇಕಲ್ಲ, ಹಂಗಾಗಿ ಕಲ್ಲಿನ ಮನೇನೇ ಕೊಚ್ಕೊಂಡು ಹೋಗೋ ಹಾಗೆ ಮಾಡ್ದೆ. ಹಿಂದಿನ ಸಾಲಲ್ಲಿ ಕೂತಿದ್ದ ರಿಟೈರ್ಡ್ ಇಂಜಿನಿಯರ್ ಒಬ್ಬರು "ಕಾಂಟ್ರಾಕ್ಟರ್ ಯಾರ್ರೀ ಅದಕ್ಕೆ?" ಅಂದ್ರು.

ಈ ಇಂಜಿನಿಯರೇ ಮುಂದೆ ನನಗೆ ಮುಳುವಾಗಿದ್ದು.

ಐದನೇ ವಾರ, ಸ್ವಂತ ನೆನಪು. ಪಾಠ ಮಾಡೋ ಹುಡುಗಿ "ಅಂಕಲ್, ಕಣ್ಣಿಗೆ ಕಟ್ಟೋ ಹಾಗೆ ಬರೀರಿ" ಅಂದಿದ್ಲು. ಬರೆದೆ ನೋಡಿ. 1983, ಜೂನ್ 18. ತಿಪಟೂರಿನ ನಮ್ಮ ಬೀದಿಯ ಡಾಕ್ಟರ ಮನೆ ಟಿವಿ ಮುಂದೆ ನಾನು ಚಾಪೆ ಮೇಲೆ. ವಿಶ್ವಕಪ್ ಕ್ರಿಕೆಟ್, ಜಿಂಬಾಬ್ವೆ ಎದುರು ನಮ್ಮವರದು 17ಕ್ಕೆ 5 ವಿಕೆಟ್, ಡಾಕ್ಟರು ಎದ್ದು ಹೊರಟರು, ಆಮೇಲೆ ಕಪಿಲ್ ಔಟಾಗದೆ 175, ಆ ಕಡೆ ನಮ್ಮ ಕಿರ್ಮಾನಿ ಬಂಡೆ ಥರ ನಿಂತಿದ್ದು, ಸಿಕ್ಸರ್ ಹೋಗಿ ಹೂವಿನ ಪೊದೆಯೊಳಗೆ ಬಿದ್ದಿದ್ದು, ಫೀಲ್ಡರು ಕೊಂಬೆ ಸರಿಸಿ ಹುಡುಕಿದ್ದು. ಓದ್ತಾ ಓದ್ತಾ ನನ್ನ ಗಂಟಲೇ ಕಟ್ತು. ಹೆಡ್‌ಮಿಸ್ ಮೇಡಮ್ ಕಣ್ಣೊರೆಸಿಕೊಂಡ್ರು. ಗಲ್ಲದ ವಿಷ್ಯ ಮರೆತ್ರು ಅಂತ ಸಮಾಧಾನ ಆಯ್ತು.

"ಚೆನ್ನಾಗಿದೆ" ಅಂದ್ರು ಇಂಜಿನಿಯರ್, ಟೀಗೆ ಬಿಸ್ಕತ್ತು ಅದ್ದುತ್ತಾ. "ಆದ್ರೆ ಆ ಮ್ಯಾಚ್ ನಡೆದ ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ಗೆ ಅವತ್ತು ಬಿಬಿಸಿ ಕ್ಯಾಮೆರಾನೇ ಬಂದಿರ್ಲಿಲ್ವಲ್ಲ ಸಾರ್. ಆ ಇನ್ನಿಂಗ್ಸ್ ವಿಡಿಯೋ ಇಡೀ ಪ್ರಪಂಚದಲ್ಲಿಲ್ಲ. ನಿಮ್ಮ ಡಾಕ್ಟರ ಟಿವಿ ಯಾವ ಕಂಪನಿದು?"

ಮನೆಗೆ ಬಂದು ಅಕ್ಕನಿಗೆ ಫೋನ್ ಹಚ್ಚಿದೆ. ಅವಳು ನಗು ನಿಲ್ಲಿಸೋಕೇ ಐದು ನಿಮಿಷ ಬೇಕಾಯ್ತು. "ಡಾಕ್ಟರ ಮನೇಲಿ ಟಿವಿ ಎಲ್ಲಿತ್ತೋ? ಅವತ್ತು ಅಮ್ಮ ಬೆಳಿಗ್ಗೆ ಮೂಗು ಹಿಡಿದು ಹರಳೆಣ್ಣೆ ಕುಡಿಸಿದ್ರು, ನೀನು ಸಾಯಂಕಾಲದ ತನಕ ಹಿತ್ತಲಿಗೂ ಮನೆಗೂ ಓಡಾಡಿ ಸುಸ್ತಾಗಿ ಏಳಕ್ಕೇ ಮಲಗಿದ್ದೆ. ಮ್ಯಾಚ್ ವಿಷ್ಯ ಆಮೇಲೆ ಪೇಪರಲ್ಲಿ ನೋಡಿ ಅತ್ತಿದ್ದೆ." ಹಾಗಾದ್ರೆ ಆ ಹೂವಿನ ಪೊದೆ, ಕೊಂಬೆ ಸರಿಸೋ ಫೀಲ್ಡರು? ಒಳಗಿಂದ ನನ್ನಾಕೆ ಕೂಗಿದ್ಲು, "ಅದು ಸಿನಿಮಾದಲ್ಲಿ ಬಂದಿದ್ದು ಕಣ್ರೀ, ಮೊಬೈಲಲ್ಲಿ ಎರಡು ಸಲ ನೋಡಿದ್ರಲ್ಲ!"

ಸರಿ, ಕೊನೇ ವಾರ ಹರಳೆಣ್ಣೇನೇ ಬರೆದೆ. ಹಿತ್ತಾಳೆ ಲೋಟ, ಬಿಸಿ ಕಾಫಿ ಮೇಲೆ ದುಂಡಗೆ ತೇಲೋ ಎಣ್ಣೆ, ಎಷ್ಟು ಕುಡಿದ್ರೂ ತುಟಿಗೆ ಮೆತ್ತಿಕೊಂಡೇ ಇರೋ ಜಿಡ್ಡು, ಆಮೇಲೆ ಮಧ್ಯಾಹ್ನ ಬರೀ ಸಾರನ್ನ. ಕ್ಲಾಸ್ ಪೂರ್ತಿ ಮುಖ ಕಿವುಚಿಕೊಂಡು ನಕ್ಕಿದ್ದೇ ನಕ್ಕಿದ್ದು, ಇಂಜಿನಿಯರೂ ಬಿಸ್ಕತ್ತು ಕೆಳಗಿಟ್ರು. ಹುಡುಗಿ "ಅಂಕಲ್, ಇದು ನಿಜವಾದ ನೆನಪು" ಅಂತ ಚಪ್ಪಾಳೆ ತಟ್ಟಿದ್ಲು. ಸರ್ಟಿಫಿಕೇಟೂ ಸಿಕ್ತು, ಹೆಸರಲ್ಲಿ ಒಂದೇ ಒಂದು ಕಾಗುಣಿತ ತಪ್ಪು. ಖುಷಿಗೆ ಬರೆದಿದ್ದನ್ನ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ದೆ.

ರಾತ್ರಿ ಹತ್ತಕ್ಕೆ ಹುಬ್ಬಳ್ಳಿಯಿಂದ ತಮ್ಮನ ಫೋನು.

"ಅಕ್ಕಂಗೂ ನೆನಪಿಲ್ಲ, ನಿಂಗೂ ಇಲ್ಲ. ಹರಳೆಣ್ಣೆ ಕುಡಿದಿದ್ದು ನಾನು ಕಣಣ್ಣಾ. ನೀನು ಮಾಡಿನ ಮೇಲೆ ಬಚ್ಚಿಟ್ಕೊಂಡಿದ್ದೆ, ನಿನ್ನ ಪಾಲಿನ ಲೋಟಾನೂ ನಂಗೇ ಕುಡಿಸಿದ್ರು."