ಹುಳಿ ಬಲ್ಲವರಿಗೆ ಕಾಕ್‌ಟೇಲ್ ಹೊಸ ವಿದ್ಯೆಯಲ್ಲ

ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ನೆಂಟರನ್ನು ಕರೆದುಕೊಂಡು ಘಟ್ಟದಂಚಿನ ಒಂದು ಹೋಮ್‌ಸ್ಟೇಗೆ ಹೋಗಿದ್ದೆ. ಜೀಪಿನಿಂದ ಇಳಿಯುತ್ತಿದ್ದಂತೆ ನಮ್ಮ ಕೈಗೆ ಬಂದದ್ದು ಅಚ್ಚ ನೀಲಿ ಬಣ್ಣದ ಪಾನೀಯ. ಬಾಟಲಿಯ ಸಿರಪ್ಪು, ಸೋಡಾ, ಬಾಡಿದ ಎರಡು ಪುದೀನ ಎಲೆ, ಮೇಲೊಂದು ಕಾಗದದ ಕೊಡೆ. ಅದನ್ನು ಹಿಡಿದುಕೊಂಡು ಅಂಗಳದ ತುದಿಗೆ ಹೋಗಿ ನೋಡಿದರೆ, ಕೆಳಗಿನ ದರೆಯಲ್ಲಿ ಮುರುಗಲು (ಕೋಕಂ) ಮರವೊಂದು ಬುಡದ ತುಂಬ ಹಣ್ಣು ಚೆಲ್ಲಿಕೊಂಡು ನಿಂತಿತ್ತು. ಹಣ್ಣಿಗೆ ಇರುವೆ ಮುತ್ತಿದ್ದವು, ಯಾರೂ ಹೆಕ್ಕಿರಲಿಲ್ಲ. ಇದನ್ನೇಕೆ ಕೊಡುವುದಿಲ್ಲ ಎಂದು ಬಡಿಸುತ್ತಿದ್ದ ಹುಡುಗನನ್ನು ಕೇಳಿದೆ. "ಅದು ಸಾರಿಗೆ ಹಾಕೋದಲ್ವಾ ಸಾರ್, ಗೆಸ್ಟ್‌ಗಳಿಗೆ ಹೆಂಗೆ ಕೊಡೋದು" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆಂದು ಹೇಳಿಕೊಟ್ಟವರ ಮೇಲೆ ಸ್ವಲ್ಪ ಇದೆ.

ನಾಲ್ಕು ವರ್ಷಗಳಿಂದ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಡುಗೆಮನೆಯಲ್ಲಿ ನಾನು ಕಾಕ್‌ಟೇಲ್‌ಗಳನ್ನೂ ಮದ್ಯವಿಲ್ಲದ ಋತುಪಾನೀಯಗಳನ್ನೂ ಮಾಡುತ್ತಾ ಬಂದಿದ್ದೇನೆ. ಶೇಕರ್ ಒಂದನ್ನು ಬಿಟ್ಟರೆ ಈ ಕೆಲಸಕ್ಕೆ ಹೊರಗಿನಿಂದ ತಂದ ಸಾಮಾನು ಹೆಚ್ಚಿಲ್ಲ. ಒಳ್ಳೆಯ ಪಾನೀಯದ ಜೀವ ಅದರ ಹುಳಿಯಲ್ಲಿದೆ ಎಂಬುದು ಇಷ್ಟು ದಿನಗಳ ಪ್ರಯೋಗದಿಂದ ನನಗೆ ಖಚಿತವಾಗಿದೆ. ಹುಳಿಯ ವಿಷಯದಲ್ಲಿ ಮಲೆನಾಡಿನ ಅಡುಗೆಮನೆಗೆ ಗೊತ್ತಿರುವಷ್ಟು ನಗರದ ಬಹುತೇಕ ಬಾರುಗಳಿಗೆ ಗೊತ್ತಿಲ್ಲ ಎಂದೂ ನಾನು ಧೈರ್ಯವಾಗಿ ಹೇಳುತ್ತೇನೆ.

ಕಾಕ್‌ಟೇಲ್ ಎಂಬ ಪದಕ್ಕೆ ಅಚ್ಚಿನಲ್ಲಿ ಸ್ಪಷ್ಟ ವಿವರಣೆ ಸಿಗುವುದು 1806ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದರಲ್ಲಿ. ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿಸಾರ, ಇಷ್ಟೇ ಅಲ್ಲಿರುವುದು, ಹುಳಿಯ ಪ್ರಸ್ತಾಪವಿಲ್ಲ. ಹುಳಿ ಬಂದದ್ದು ಅದಕ್ಕಿಂತ ಹಳೆಯದಾದ ಪಂಚ್‌ನ ದಾರಿಯಿಂದ. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗಿನವರು ನಮ್ಮ ದೇಶದ ಕಡೆಯಿಂದ ಕಲಿತು ಇಂಗ್ಲೆಂಡಿಗೆ ಒಯ್ದ ಪಾನೀಯವದು, ಅದರ ಹೆಸರು ನಮ್ಮ 'ಪಂಚ'ದಿಂದಲೇ ಬಂದದ್ದು ಎಂಬ ವಿವರಣೆ ಬಹಳ ಪ್ರಚಲಿತವಾಗಿದೆ. ಮದ್ಯ, ನಿಂಬೆ, ಸಕ್ಕರೆ, ನೀರು, ಮಸಾಲೆ ಎಂಬ ಆ ಐದರಲ್ಲಿ ಮೊದಲನೆಯದನ್ನು ತೆಗೆದುಬಿಟ್ಟರೆ ಉಳಿಯುವುದೇನು? ನಿಂಬೆ, ಬೆಲ್ಲ, ನೀರು, ಏಲಕ್ಕಿ, ಕಾಳುಮೆಣಸು: ರಾಮನವಮಿಯ ಪಾನಕ. ಇದು ನನಗೆ ಹೊಳೆದ ದಿನ ದೊಡ್ಡಮ್ಮನಿಗೆ ಹೇಳಿದೆ. ಅವರು ಏನೂ ಆಶ್ಚರ್ಯಪಡದೆ, ಆ ಹಡಗಿನವರು ಏಲಕ್ಕಿಯನ್ನು ಸಿಪ್ಪೆ ಸಮೇತ ಹಾಕುತ್ತಿದ್ದರೋ ಬಿಡಿಸಿ ಹಾಕುತ್ತಿದ್ದರೋ ಎಂದು ಕೇಳಿದರು.

ಬಾರಿನವರು ಸವರ್, ಅಂದರೆ ಹುಳಿ, ಎಂದು ಕರೆಯುವ ಬಗೆಯ ಕಾಕ್‌ಟೇಲ್‌ಗಳಿಗೆ ಒಂದು ಸರಳ ಅಳತೆಯಿದೆ. ಮದ್ಯ 60 ಮಿಲಿ, ಹುಳಿ ಸುಮಾರು 25, ಸಿಹಿಪಾಕ ಸುಮಾರು 20. ಮಂಜುಗಡ್ಡೆಯೊಡನೆ ಚೆನ್ನಾಗಿ ಕುಲುಕಿ ಸೋಸುವುದು. ಎಲ್ಲರೂ ಆ 25 ಮಿಲಿಯ ಜಾಗದಲ್ಲಿ ನಿಂಬೆಯನ್ನು ಕಣ್ಣುಮುಚ್ಚಿ ಹಿಂಡುತ್ತಾರೆ. ನಿಂಬೆ ಒಳ್ಳೆಯದೇ, ಆದರೆ ಹಿಂಡಿಟ್ಟ ನಿಂಬೆರಸ ಸಂಜೆಯ ಹೊತ್ತಿಗೆ ತನ್ನ ಪರಿಮಳವನ್ನು ಕಳೆದುಕೊಂಡು ಬರಿಯ ತೀಕ್ಷ್ಣತೆಯಾಗಿ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಹುಳಿ ಎಂದರೆ ಒಂದೇ ಅಲ್ಲ. ಹುಣಸೆಗೆ ಒಂದು ತೂಕವಿದೆ, ಅದು ನಾಲಗೆಯ ಮೇಲೆ ಕೂರುತ್ತದೆ. ಮಜ್ಜಿಗೆಯ ಹುಳಿ ಮೆತ್ತಗಿನದು, ಸುತ್ತಿ ಬಂದು ತಾಗುತ್ತದೆ. ವಾಟೆಹುಳಿಯಲ್ಲಿ ಸ್ವಲ್ಪ ಒಗರು, ಅಮಟೆಯಲ್ಲಿ ಸೊಪ್ಪಿನ ಹಸಿವಾಸನೆ, ಹೇರಳೆಯಲ್ಲಿ ಹುಳಿಯ ಬೆನ್ನಿಗೇ ಬರುವ ಕಹಿ. ತಂಬುಳಿಗೆ ಯಾವುದು, ಸಾರಿಗೆ ಯಾವುದು, ಗೊಜ್ಜಿಗೆ ಯಾವುದು ಎಂಬುದನ್ನು ನಮ್ಮ ಹೆಂಗಸರು ಯಾರನ್ನೂ ಕೇಳದೆ ನಿರ್ಧರಿಸುತ್ತಾರೆ. ಅದೇ ನಿರ್ಧಾರವನ್ನು ಲೋಟದ ಪಾನೀಯಕ್ಕೂ ಅನ್ವಯಿಸುವುದಷ್ಟೇ ನಾನು ಮಾಡಿದ ಕೆಲಸ.

ಮೊದಲು ಮುರುಗಲಿನ ವಿಷಯ. ಏಪ್ರಿಲ್ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಹಣ್ಣು ಸಿಗುತ್ತದೆ, ಮಳೆ ಬೇಗ ಬಂದರೆ ಅಷ್ಟರಮಟ್ಟಿಗೆ ನಷ್ಟ. ಹಣ್ಣನ್ನು ತೊಳೆದು, ನೀರಾರಿಸಿ, ಎರಡು ಹೋಳು ಮಾಡಿ, ಬೀಜ ತೆಗೆದು, ಬಟ್ಟಲಿನಂತಾದ ಸಿಪ್ಪೆಗಳಿಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಒಂದರ ಮೇಲೊಂದು ಪೇರಿಸಬೇಕು. ತೂಕದಲ್ಲಿ ಸಿಪ್ಪೆಯ ಒಂದೂವರೆಯಿಂದ ಎರಡು ಪಟ್ಟು ಸಕ್ಕರೆ ಬೇಕು. ಇದರಲ್ಲಿ ಜಿಪುಣತನ ಮಾಡಿದರೆ ವಾರದೊಳಗೆ ನೊರೆಯೇಳುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಐದಾರು ದಿನ ಬಿಸಿಲಿಗಿಟ್ಟರೆ, ಸಕ್ಕರೆ ಸಿಪ್ಪೆಯೊಳಗಿನ ರಸವನ್ನೆಲ್ಲ ಎಳೆದುಕೊಂಡು ದಾಸವಾಳಗೆಂಪಿನ ಪಾಕವಾಗುತ್ತದೆ. ನೀರಿಲ್ಲ, ಬೆಂಕಿಯಿಲ್ಲ. ನಿಂಬೆಯ ಸಿಪ್ಪೆಯನ್ನು ಸಕ್ಕರೆಯಲ್ಲಿ ಹುದುಗಿಸಿ ಪರಿಮಳದ ಎಣ್ಣೆಯನ್ನು ಎಳೆಯುವ ಹಳೆಯ ಪಂಚ್ ವಿಧಾನವೊಂದಿದೆ, ಈಗ ಅದನ್ನು ಲ್ಯಾಟಿನ್ ಹೆಸರಿಟ್ಟು ಬಲು ಗಂಭೀರವಾಗಿ ಹೇಳಿಕೊಡುತ್ತಾರೆ. ನಮ್ಮ ಕಡೆಯ ಮನೆಗಳ ಬಿಸಿಲುಮಚ್ಚಿನಲ್ಲಿ ಪ್ರತಿ ಮೇ ತಿಂಗಳಲ್ಲಿ ಕಾಣುವ ಭರಣಿಗಳು ಮಾಡುವುದೂ ಅದೇ ಜಾತಿಯ ಕೆಲಸ. ತೆಗೆದ ಬೀಜವನ್ನು ಎಸೆಯದಿದ್ದರೆ ಮುರುಗಲು ತುಪ್ಪವಾಗುತ್ತದೆ, ಹಿಮ್ಮಡಿ ಒಡೆದವರಿಗೆ ಅದರ ಬೆಲೆ ಗೊತ್ತು.

ಈ ಪಾಕದಲ್ಲಿ ಸಿಹಿಯೂ ಹುಳಿಯೂ ಒಟ್ಟಿಗೇ ಇರುವುದರಿಂದ ಮೇಲಿನ ಅಳತೆ ನಡೆಯುವುದಿಲ್ಲ ಎಂಬುದನ್ನು ಕಲಿಯಲು ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು. ಬಿಳಿ ರಮ್ 60 ಮಿಲಿಗೆ ಪಾಕ 30, ಹಿಂಡಿದ ನಿಂಬೆ 10, ಚಿಟಿಕೆ ಉಪ್ಪು, ಇಷ್ಟು ಸಾಕು. ಉಪ್ಪನ್ನು ಬಿಡಬಾರದು; ಪಾನೀಯ ಉಪ್ಪಾಗಲೆಂದು ಹಾಕುವುದಲ್ಲ ಅದು, ಮುರುಗಲಿನ ಒಗರು ಎದ್ದು ಕಾಣದಂತೆ ಹಿಡಿದಿಡುವುದಕ್ಕೆ. ರಮ್ ಬೇಡವೆಂದರೆ ಅದೇ ಪಾಕಕ್ಕೆ ಸೋಡಾ ಸುರಿದು, ಜೀರಿಗೆ ಹುರಿದು ಪುಡಿಮಾಡಿ ಉದುರಿಸಿದರೂ ಪಾನೀಯಕ್ಕೆ ಕೊರತೆಯೇನೂ ಆಗುವುದಿಲ್ಲ. ಗೋಲಿಸೋಡಾ ಸಿಕ್ಕಿದರೆ ಇನ್ನೂ ಸಂತೋಷ. ಆ ಬಾಟಲಿ ನಮ್ಮ ಸಂತೆಗಳಲ್ಲೇ ಹುಟ್ಟಿದ್ದೆಂದು ನಾನು ಬಹುಕಾಲ ನಂಬಿದ್ದೆ. ಹಿರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದನೆಂದು ತಿಳಿದಾಗ ಸ್ವಲ್ಪ ಬೇಸರವೇ ಆಯಿತು.

ಅಪ್ಪೆಮಿಡಿಯದು ಬೇರೆಯೇ ಕಥೆ. ಹೊಳೆದಂಡೆಯ ಕಾಡುಮಾವಿನ ಈ ಎಳೆಗಾಯಿಗಳಲ್ಲಿ ಸಾಗರದ ಕಡೆಯವಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ರಿಪ್ಪನ್‌ಪೇಟೆಯಲ್ಲಿ ಮಿಡಿಯನ್ನು ಎಣಿಕೆಯ ಲೆಕ್ಕದಲ್ಲಿ ಮಾರುವುದನ್ನು ನೋಡಿದವರಿಗೆ ಅದರ ಗತ್ತು ಗೊತ್ತಿದೆ. ಅದರ ಪರಿಮಳವಿರುವುದು ಸೊನೆಯಲ್ಲಿ. ಉಪ್ಪಿನಕಾಯಿಯವರು ತೊಟ್ಟು ಮುರಿಯದಂತೆ ಕೊಯ್ಯಿರೆಂದು ಹಠ ಹಿಡಿಯುವುದು ಇದಕ್ಕಾಗಿಯೇ. ಪರಿಮಳದ ಎಣ್ಣೆಗಳು ನೀರಿಗಿಂತ ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾಗಿ ಆರು ಮಿಡಿಗಳನ್ನು ತೊಟ್ಟಿನ ಸಮೇತ ಜಜ್ಜಿ ಕಾಲು ಲೀಟರ್ ವೋಡ್ಕಾದಲ್ಲಿ ಎರಡು ದಿನ ಇಟ್ಟರೆ, ಮುಚ್ಚಳ ತೆಗೆದಾಗ ಕೋಣೆಯೆಲ್ಲ ಮಾವಿನ ತೋಪಾಗುತ್ತದೆ. ಮೂರನೆಯ ದಿನಕ್ಕೆ ಬಿಟ್ಟರೆ ಒಗರು ಇಳಿದು ಕೆಡುತ್ತದೆ. ಸೋಸಿದ ವೋಡ್ಕಾಕ್ಕೆ ತಣ್ಣೀರು ಬಿದ್ದೊಡನೆ ಅದು ತುಸು ಮಬ್ಬಾಗುತ್ತದೆ. ಕರಗಿದ್ದ ಎಣ್ಣೆ ಬಿಟ್ಟುಕೊಂಡದ್ದರಿಂದ ಆದದ್ದು, ಕೆಟ್ಟದ್ದರಿಂದಲ್ಲ. ಇದಕ್ಕೆ ನಾನು ಸಿಹಿಯನ್ನು ಹೆಚ್ಚುಕಡಿಮೆ ಹಾಕುವುದೇ ಇಲ್ಲ. ಉಪ್ಪು, ಸೀಳಿದ ಒಂದು ಸೂಜಿಮೆಣಸು, ಇಂಗಿನ ನೀರು ಎರಡು ಹನಿ, ಮೇಲೆ ಸೋಡಾ. ಮಾವಿನಕಾಯಿಯ ತಿಳಿಸಾರಾದ ಅಪ್ಪೆಹುಳಿ ಕುಡಿದು ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ, ಒಗ್ಗರಣೆಯೊಂದು ಇಲ್ಲವಲ್ಲ ಎನಿಸಬಹುದಷ್ಟೇ. ಅಪ್ಪೆಹುಳಿ ಉಂಡ ಮಧ್ಯಾಹ್ನ ಜಗಲಿಯ ಮೇಲೆ ಬರುವ ಜೊಂಪಿಗೆ ವೋಡ್ಕಾದ ಸಹಾಯ ಬೇಕಿಲ್ಲವೆಂಬುದನ್ನೂ ಒಪ್ಪುತ್ತೇನೆ. ಜಿನ್ ಮಾತ್ರ ಇಲ್ಲಿ ಸಲ್ಲದು. ಅದರ ಜೂನಿಪರ್ ವಾಸನೆಯೂ ಸೊನೆಯ ವಾಸನೆಯೂ ಒಂದೇ ಮನೆಯಲ್ಲಿರುವ ಇಬ್ಬರು ಯಜಮಾನರಂತೆ ಜಗಳಕ್ಕೆ ನಿಲ್ಲುತ್ತವೆ.

ಎಲ್ಲವೂ ಗೆದ್ದಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹಾಲಿನ ಪಂಚ್ ಎಂಬುದೊಂದಿದೆ: ಮದ್ಯ, ಹುಳಿ, ಸಕ್ಕರೆಗಳ ಮಿಶ್ರಣವನ್ನು ಬಿಸಿಹಾಲಿಗೆ ಸುರಿದು, ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿದರೆ ಒಗರೆಲ್ಲ ಗಸಿಗೆ ಅಂಟಿಕೊಂಡು ಕೆಳಗೆ ತಿಳಿಯಾದ ನಯವಾದ ಪಾನೀಯ ಇಳಿಯುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ 1763ರಲ್ಲಿ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಇದರ ವಿಧಾನವಿದೆ. ಮುರುಗಲಿನ ಒಗರಿಗೆ ಇದೇ ಮದ್ದೆಂದುಕೊಂಡು ಒಂದು ಲೀಟರ್ ಮಾಡಿದೆ. ಒಗರು ಹೋಯಿತು, ಅದರ ಹಿಂದೆಯೇ ಬಣ್ಣವೂ ಬಹುಪಾಲು ಹೋಯಿತು, ಉಳಿದದ್ದು ಅಕ್ಕಿ ತೊಳೆದ ಕೆಂಪುನೀರಿನಂಥ ಏನೋ ಒಂದು. ದೊಡ್ಡಮ್ಮ ಸೋಸುವ ಬಟ್ಟೆಯನ್ನು ಎತ್ತಿ ನೋಡಿ, "ಒಡೆದ ಹಾಲಿಗೆ ಇಷ್ಟೊಂದು ಸಂಭ್ರಮ ಮಾಡಿದ್ದು ನಾನು ನೋಡಿರ್ಲಿಲ್ಲ ಮಾರಾಯ" ಎಂದರು. ಮುರುಗಲು ಒಗರಾಗಿಯೇ ಇರಬೇಕು, ಅದನ್ನು ತಿದ್ದಲು ಹೋದದ್ದು ನನ್ನ ಅತಿಬುದ್ಧಿ.

ಸಿಹಿಗೆ ನನ್ನ ಆಯ್ಕೆ ಜೋನಿಬೆಲ್ಲ, ಅಂದರೆ ಗಟ್ಟಿಯಾಗದ ದ್ರವಬೆಲ್ಲ. ಆಲೆಮನೆಯ ದಿನಗಳಲ್ಲಿ ತಂದಿಟ್ಟುಕೊಂಡ ಒಂದು ಡಬ್ಬ ವರ್ಷಪೂರ್ತಿ ಬರುತ್ತದೆ. ಸಮಭಾಗ ಬಿಸಿನೀರು ಬೆರೆಸಿದರೆ ಪಾಕ ಸಿದ್ಧ. ಅದಕ್ಕೆ ತನ್ನದೇ ಆದ ಉಪ್ಪುಸವಳು ಇರುವುದರಿಂದ ಸಕ್ಕರೆಗಿಂತ ಸ್ವಲ್ಪ ಹೆಚ್ಚು ಹುಳಿ ಬೇಡುತ್ತದೆ. ಗಾಢಬಣ್ಣದ ರಮ್ ಜೊತೆ ಹೊಂದುತ್ತದೆ, ಜಿನ್ ಜೊತೆ ಖಂಡಿತ ಹೊಂದದು. ಕಹಿಯ ವಿಷಯದಲ್ಲಿ ನಾನು ಇನ್ನೂ ಕಲಿಯುವವನು. ಟಾನಿಕ್ ನೀರಿನ ಕಹಿ ಕ್ವಿನೈನ್‌ನದೆಂದು ಅಜ್ಜನಿಗೆ ಹೇಳಿದಾಗ ಅವರು ಲೋಟವನ್ನು ಹಾಗೇ ಕೆಳಗಿಟ್ಟರು. ಮಲೇರಿಯಾ ಕಾಲದ ಮಲೆನಾಡನ್ನು ಕಂಡ ಅವರಿಗೆ ಅದು ಜ್ವರದ ಗುಳಿಗೆಯ ರುಚಿ; ಅದನ್ನು ದುಡ್ಡು ಕೊಟ್ಟು ಸಂತೋಷಕ್ಕಾಗಿ ಕುಡಿಯುವವರಿದ್ದಾರೆಂಬುದೇ ಅವರಿಗೆ ನಂಬಲಾಗದ ಮಾತಾಗಿತ್ತು.

ಮಳೆಗಾಲದಲ್ಲಿ ಮಂಜುಗಡ್ಡೆಯ ಪಾನೀಯಗಳನ್ನು ನಾನು ಮಾಡುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ನಮಗೆ ದೂರವಲ್ಲ; ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಫ್ರಿಜ್ಜಿನ ಮಂಜು ನೀರಾಗಿ ಅಡುಗೆಮನೆಯ ನೆಲಕ್ಕೆ ಹರಿಯುತ್ತದೆ. ಕುಲುಕುವಾಗ ಕರಗುವ ಮಂಜಿನಿಂದ ಪಾನೀಯಕ್ಕೆ ಕಾಲುಭಾಗದಷ್ಟಾದರೂ ನೀರು ಸೇರಬೇಕು, ಅದಿಲ್ಲದೆ ರುಚಿ ಬಿಚ್ಚಿಕೊಳ್ಳುವುದಿಲ್ಲ. ಆ ನೀರನ್ನು ಬಿಸಿಯಾಗಿ ಕೊಟ್ಟರಾಯಿತು ಎಂಬುದು ಆಷಾಢದ ಉಪಾಯ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಶುಂಠಿಯ ಕಷಾಯವನ್ನು ಜೋನಿಬೆಲ್ಲ ಹಾಕಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆಯೇ ರಮ್ ಸೇರಿಸಬೇಕು. ಮದ್ಯಸಾರ 78 ಡಿಗ್ರಿಯಲ್ಲೇ ಆವಿಯಾಗುತ್ತದೆ, ಕುದಿಸಿದರೆ ಖರ್ಚು ಮಾಡಿದ್ದು ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ.

ಇದನ್ನೆಲ್ಲ ಬರೆಯುವಾಗ ಬರುವ ಆಕ್ಷೇಪ ನನಗೆ ಗೊತ್ತಿದೆ. ಅಜ್ಜಿಯ ಪಾನಕಕ್ಕೆ ಹೆಂಡ ಸುರಿದು ಅದಕ್ಕೊಂದು ಸಂಸ್ಕೃತಿಯ ಹೆಸರು ಕೊಡುತ್ತೀಯಾ ಎಂದು ಸ್ನೇಹಿತರೊಬ್ಬರು ನೇರವಾಗಿಯೇ ಕೇಳಿದ್ದಾರೆ. ಕುಡಿತದಿಂದ ಮುರಿದುಬಿದ್ದ ಮನೆಗಳು ನಮ್ಮೂರಿನಲ್ಲೂ ಇವೆ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ಯಾವ ಮನೆಗಳ ಹೆಂಗಸರು ನಿಟ್ಟುಸಿರು ಬಿಟ್ಟರೆಂಬುದನ್ನು ನಾನು ಕಂಡಿದ್ದೇನೆ, ಆದ್ದರಿಂದ ಈ ಪ್ರಶ್ನೆಯನ್ನು ತಮಾಷೆ ಮಾಡಿ ತಳ್ಳಿಹಾಕಲಾರೆ. ಮನೆಯಲ್ಲಿ ಬಟ್ಟಿಯಿಳಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ನಾನು ಮಾತಾಡುತ್ತಿರುವುದು ಅಂಗಡಿಯಿಂದ ತಂದ ಬಾಟಲಿಯೊಂದನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವವರ ಬಗ್ಗೆ. ನನ್ನ ಮಟ್ಟಿಗೆ ಒಂದು ಕಟ್ಟುಪಾಡಿದೆ. ಯಾವುದೇ ಪಾನೀಯವನ್ನು ಮೊದಲು ಮದ್ಯವಿಲ್ಲದೆ ಮಾಡಿ ಮನೆಯವರಿಗೆಲ್ಲ ಕೊಡುತ್ತೇನೆ; ಅವರು ಎರಡನೆಯ ಲೋಟ ಕೇಳದಿದ್ದರೆ ಅದಕ್ಕೆ ಮದ್ಯ ಸೇರಿಸುವ ಯೋಗ್ಯತೆಯಿಲ್ಲವೆಂದು ಬಿಡುತ್ತೇನೆ. ಹಾಗೆ ಬಿಟ್ಟವು ಬಹಳ ಇವೆ. ಒಂದೆಲಗದ ತಂಬುಳಿಗೆ ಜಿನ್ ಸೇರಿಸಿದ ಸಂಜೆಯ ಬಗ್ಗೆ ನಮ್ಮ ಮನೆಯಲ್ಲಿ ಈಗಲೂ ಯಾರೂ ಮಾತಾಡುವುದಿಲ್ಲ.

ನೀಲಿ ಪಾನೀಯದ ಹೋಮ್‌ಸ್ಟೇಗೆ ಈ ಸಲ ಮತ್ತೆ ಹೋಗಬೇಕಾಗಿ ಬಂತು, ಬೇರೆ ನೆಂಟರು, ಅದೇ ಹಠ. ಹೋಗುವಾಗ ಒಂದು ಬಾಟಲಿ ಮುರುಗಲು ಪಾಕವನ್ನು ಒಯ್ದು ಆ ಹುಡುಗನ ಕೈಗೆ ಕೊಟ್ಟು, ಸೋಡಾ ಹಾಕಿ ನೀನೇ ಕುಡಿದು ನೋಡು ಎಂದೆ. ಸಂಜೆ ಲೋಟ ತೊಳೆಯುವ ಜಾಗದಲ್ಲಿ ಸಿಕ್ಕವನು, ತುಟಿಯ ಮೇಲೆ ಕೆಂಪು ಇನ್ನೂ ಇರುವಾಗಲೇ, ಈ ಹಣ್ಣು ಎಷ್ಟು ದಿನ ಮರದಲ್ಲಿರುತ್ತದೆ ಸಾರ್ ಎಂದು ಕೇಳಿದ. ಮಳೆ ಹಿಡಿಯುವವರೆಗೆ ಎಂದೆ. ಅವನು ಮೋಡ ನೋಡಿದ, ಬುಟ್ಟಿ ಹುಡುಕಲು ಹೋದ.