ನೊಬಿತಾನನ್ನು ಪಾಸ್ ಮಾಡಬೇಡಿ

ಭಾನುವಾರ ಇಲ್ಲಿ ಸಂಜೆ ಆರೂವರೆ ಅಂದರೆ ದಾವಣಗೆರೆಯಲ್ಲಿ ಮಧ್ಯಾಹ್ನ ಮೂರು ಗಂಟೆ. ಅಮ್ಮನ ಊಟ, ಪಾತ್ರೆ, ಗ್ಯಾಸ್ ಕಟ್ಟೆ ಒರೆಸುವುದು ಎಲ್ಲಾ ಮುಗಿದು ಮಂಚದ ಮೇಲೆ ಕಾಲು ಚಾಚುವ ಹೊತ್ತು. ಜಪಾನಿನ ಯೊಕೊಹಾಮಾದ ನಮ್ಮ ಮನೆಯಲ್ಲಿ ನಾನು ಟೀವಿ ಹಾಕಿಕೊಂಡೇ ಅವಳಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಮೊನ್ನೆ ಹಾಗೆ ಮಾತಾಡುವಾಗ ಹಿಂದಿನಿಂದ ಬರುತ್ತಿದ್ದ ಹಾಡನ್ನು ಅವಳು ಗುರುತು ಹಿಡಿದಳು.

"ಅದೇ ಅಲ್ವಾ, ಒಂಟಿ ಕೂದಲಿನ ತಾತನ ಕಾರ್ಟೂನು? ಆ ಸಣ್ಣ ಹುಡುಗನ್ನ ಸ್ಕೂಲಿಗೆ ಹಾಕಿದ್ರಾ?"

"ಇಲ್ಲಮ್ಮ, ಅವನಿಗಿನ್ನೂ ಮೂರೇ ವರ್ಷ."

"ನಾನು ಅಲ್ಲಿಗೆ ಬಂದಾಗ್ಲೂ ಮೂರೇ ಇತ್ತಲ್ಲೋ. ಏನಾಗೈತೆ ಅದಕ್ಕೆ?" ಅಂದವಳು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. "ನಿಂಗೆ ನೋಡು, ಕಿವಿ ಹತ್ರ ಎಲ್ಲಾ ಬೆಳ್ಳಗಾಗಿ ಹೋಗೈತೆ. ಬಣ್ಣ ಹಚ್ಚಬಾರದೇನಲೇ?"

ಚುಚ್ಚಿತು ಅಂತ ಹೇಳಲೇಬೇಕು. ಇಲ್ಲಿ ಇಷ್ಟು ವರ್ಷದಿಂದ ಒಂದೇ ಆಫೀಸಿನಲ್ಲಿದ್ದೇನೆ. ಒಬ್ಬರೂ ನನ್ನ ತಲೆಕೂದಲ ಸುದ್ದಿ ಎತ್ತಿಲ್ಲ.

ಅಮ್ಮ ಕೇಳಿದ್ದು ‘ಸಜಾಯೆ ಸಾನ್’ ಬಗ್ಗೆ. 1969ರ ಅಕ್ಟೋಬರ್‌ನಲ್ಲಿ ಶುರುವಾದ ಕಾರ್ಟೂನ್ ಇದು. ಅತಿ ಹೆಚ್ಚು ಕಾಲ ನಡೆದ ಟೀವಿ ಆನಿಮೇಷನ್ ಅಂತ ಗಿನ್ನೆಸ್ ದಾಖಲೆಯೂ ಇದೆ. ಕಥೆ ಅಂತ ದೊಡ್ಡದೇನಿಲ್ಲ. ಟೋಕಿಯೋದಲ್ಲಿ ಒಂದು ಕೂಡು ಕುಟುಂಬ. ಮನೆ ಮಗಳು ಸಜಾಯೆಗೆ 24. ತಮ್ಮ ಕತ್ಸುವೊಗೆ 11, ತಂಗಿ ವಕಾಮೆಗೆ 9, ಸಜಾಯೆಯ ಮಗ ತರಾನಿಗೆ 3. ಅಪ್ಪ ನಮಿಹೇಗೆ 54, ನೆತ್ತಿಯ ಮೇಲೆ ನೆಟ್ಟಗೆ ನಿಂತ ಒಂದೇ ಒಂದು ಕೂದಲು. ಅಳಿಯ ಮಾವನ ಮನೆಯಲ್ಲೇ ಇದ್ದಾನೆ. ಅದೊಂದು ಸಂಗತಿ ಮಾತ್ರ ಅಮ್ಮನಿಗೆ ಬಹಳ ಹಿಡಿಸಿತ್ತು.

ಆ ಮನೆಯಲ್ಲಿ ಇವತ್ತಿಗೂ ಡಯಲ್ ತಿರುಗಿಸುವ ಕಪ್ಪು ಫೋನ್. ಸಕುರಾ ಹೂ ಬಿಡುತ್ತದೆ, ಮಳೆಗಾಲ ಬರುತ್ತದೆ, ಸೆಕೆ, ಚಳಿ, ಹೊಸ ವರ್ಷ, ಮತ್ತೆ ಸಕುರಾ. ಯಾರಿಗೂ ಒಂದು ವರ್ಷ ಜಾಸ್ತಿ ಆಗುವುದಿಲ್ಲ. ಲೆಕ್ಕ ಹಾಕಿದರೆ ಕತ್ಸುವೊಗೆ ಇಷ್ಟು ಹೊತ್ತಿಗೆ ಪಿಂಚಣಿ ಬರಬೇಕಿತ್ತು. ಅವನ ಅಪ್ಪ ಇನ್ನೂ ಬೆಳಿಗ್ಗೆ ಎದ್ದು ಆಫೀಸಿಗೆ ಹೋಗುತ್ತಿದ್ದಾನೆ. ಜನರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಟೋಕಿಯೋದ ಸಕುರಾಶಿನ್‌ಮಾಚಿ ಸ್ಟೇಷನ್ ಹತ್ತಿರ 2012ರಲ್ಲಿ ಈ ಕುಟುಂಬದ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದರು. ಅದೇ ವರ್ಷ ಯಾರೋ ನಮಿಹೇ ತಲೆಯ ಆ ಒಂದು ಕೂದಲನ್ನು ಕಿತ್ತುಕೊಂಡು ಹೋದರು. ಹೊಸದು ಹಾಕಿಸಿದರು. ಅದನ್ನೂ ಕಿತ್ತರು. ಅದು ಪತ್ರಿಕೆಯಲ್ಲಿ ಸುದ್ದಿಯಾಯಿತು! ಆ ಕೂದಲು ಇದ್ದಲ್ಲೇ ಇರಬೇಕು ಅಂತ ಇಲ್ಲಿನವರಿಗೆ ಅಷ್ಟು ಗಟ್ಟಿಯಾಗಿ ಅನಿಸುತ್ತದೆ.

ನಮ್ಮ ಕಡೆ ಇದು ನಡೆಯುವ ಮಾತಲ್ಲ. ಊರಿಗೆ ಹೋದಾಗ ಜಯದೇವ ಸರ್ಕಲ್ ದಾಟುವಷ್ಟರಲ್ಲಿ ಯಾರಾದರೂ ಪರಿಚಯದವರು ಸಿಕ್ಕೇ ಸಿಗುತ್ತಾರೆ. "ಯಾವಾಗ ಬಂದ್ರಿ? ಯಾವಾಗ ಹೋಗದು? ಮಕ್ಳು ಎಷ್ಟನೇ ಕ್ಲಾಸು? ಸೈಟ್ ತಗಂಡ್ರಾ?" ಎಲ್ಲಾ ಒಂದೇ ಉಸಿರಿಗೆ. ಕೈಯಲ್ಲಿರುವ ಮೆಣಸಿನಕಾಯಿ ಬಜ್ಜಿ ತಣ್ಣಗಾಗುವವರೆಗೂ ಉತ್ತರ ಕೊಡಬೇಕು. ಮನುಷ್ಯ ಅಂದಮೇಲೆ ಮುಂದಿನ ಮೆಟ್ಟಿಲಿಗೆ ಒಂದು ಕಾಲು ಇಟ್ಟಿರಲೇಬೇಕು. ಓದು ಮುಗಿಯಿತಾ, ಕೆಲಸ. ಕೆಲಸ ಸಿಕ್ಕಿತಾ, ಮದುವೆ. ಮದುವೆಯಾದ ಮರುತಿಂಗಳೇ "ಏನಾದ್ರೂ ವಿಶೇಷ?" ನಮ್ಮ ಸೀರಿಯಲ್‌ಗಳೂ ಅಷ್ಟೇ ಅಲ್ವಾ? ‘ಕೆಲವು ವರ್ಷಗಳ ನಂತರ’ ಅಂತ ಅಕ್ಷರ ಬಂದರೆ ಸಾಕು, ನಿನ್ನೆ ತೊಟ್ಟಿಲಲ್ಲಿದ್ದ ಮಗು ಇವತ್ತು ಲಂಗ ದಾವಣಿ ಹಾಕಿಕೊಂಡು ಮೆಟ್ಟಿಲಿಳಿದು ಬರುತ್ತದೆ.

ಕಾರ್ಟೂನನ್ನೂ ನಾವು ಬಿಡಲಿಲ್ಲ. ‘ಛೋಟಾ ಭೀಮ್’ 2008ರಿಂದ ಪೋಗೋ ಚಾನೆಲ್‌ನಲ್ಲಿ ಬರುತ್ತಿದೆ, ಹೈದರಾಬಾದಿನವರು ಮಾಡಿದ್ದು. ಭೀಮನಿಗೆ ಒಂಬತ್ತು ವರ್ಷ. 2020ರ ಲಾಕ್‌ಡೌನ್ ದಿನಗಳಲ್ಲಿ ಇದ್ದಕ್ಕಿದ್ದಂತೆ ಒಂದು ಗುಲ್ಲು ಎದ್ದಿತು. ಭೀಮ ಗೆಳತಿ ಚುಟ್ಕಿಯನ್ನು ಬಿಟ್ಟು ರಾಜಕುಮಾರಿ ಇಂದುಮತಿಯನ್ನು ಮದುವೆಯಾದನಂತೆ! ಚುಟ್ಕಿಗೆ ನ್ಯಾಯ ಕೊಡಿ ಅಂತ ದೇಶದ ತುಂಬಾ ಹುಯಿಲು. ಕೊನೆಗೆ ತಯಾರಕರೇ ಹೇಳಿಕೆ ಕೊಡಬೇಕಾಯಿತು: ಇವರೆಲ್ಲಾ ಇನ್ನೂ ಮಕ್ಕಳು, ಯಾರಿಗೂ ಮದುವೆ ಆಗಿಲ್ಲ, ದಯವಿಟ್ಟು ಸುಳ್ಳು ಸುದ್ದಿ ಹಬ್ಬಿಸಬೇಡಿ. ಅರ್ಧ ತಮಾಷೆಯೇ ಇರಬಹುದು. ಆದರೂ ಒಂಬತ್ತು ವರ್ಷದ ಹುಡುಗನಿಗೆ ಹೆಣ್ಣು ನೋಡುವ ಚಪಲ ನಮ್ಮದೇ.

ಆದ್ದರಿಂದ ನನ್ನ ಮಾತು ಇಷ್ಟೇ. ಅವರನ್ನು ಇದ್ದ ಹಾಗೆ ಬಿಡಿ. ಕಾರ್ಟೂನಿನ ಹುಡುಗ ಹುಡುಗಿಯರಿಗೆ ವಯಸ್ಸಾಗಬಾರದು.

ಇದಕ್ಕೆ ಕಸುಬಿನ ಕಾರಣವೂ ಇದೆ. ಮನುಷ್ಯರು ಪಾತ್ರ ಮಾಡುವ ಸೀರಿಯಲ್‌ನಲ್ಲಿ ಮಗುವಿನ ಮೀಸೆ ತಡೆಯಲು ಯಾರಿಂದಲೂ ಆಗುವುದಿಲ್ಲ. ಬರೆದ ಚಿತ್ರಕ್ಕೆ ಆ ಕಾಟ ಇಲ್ಲ. ಯಾವ ಕಂತನ್ನು ಯಾವ ದಿನ ಬೇಕಾದರೂ ಹಾಕಬಹುದು, ಹಿಂದು ಮುಂದು ನೋಡಬೇಕಾಗಿಲ್ಲ. ನಮ್ಮ ದೇಶದ ಚಾನೆಲ್‌ಗಳು ಬದುಕಿರುವುದೇ ಹಾಗೆ, ಒಂದೇ ಕಂತನ್ನು ತಿರುವಿ ಮುರುವಿ ಹಾಕಿ. ಇವತ್ತು ‘ಡೋರೆಮಾನ್’ ಕಾರ್ಟೂನಿನ ಹುಡುಗ ನೊಬಿತಾಗೆ ಮೀಸೆ, ನಾಳೆ ಮತ್ತೆ ಚಡ್ಡಿ ಅಂದರೆ ಆರು ವರ್ಷದ ಕೂಸು ಏನು ಅಂದುಕೊಳ್ಳಬೇಕು? ನೋಡುವ ಮಕ್ಕಳು ಬೆಳೆದು ಎದ್ದು ಹೋಗುತ್ತಾರೆ, ಅವರ ಜಾಗಕ್ಕೆ ಹೊಸಬರು ಬಂದು ಕೂರುತ್ತಾರೆ. ಈ ಕಾರ್ಟೂನ್ ಎಲ್‌ಕೆಜಿ ಟೀಚರ್ ಇದ್ದ ಹಾಗೆ. ಮಕ್ಕಳ ಜೊತೆಗೇ ಅವರೂ ಒಂದನೇ ಕ್ಲಾಸಿಗೆ ಹೊರಟರೆ ಮುಂದಿನ ವರ್ಷ ಬರುವ ಮಕ್ಕಳ ಗತಿ?

ಹೀಗೆ ನಿಲ್ಲಿಸುವುದರಿಂದ ಎಡವಟ್ಟುಗಳೂ ಆಗುತ್ತವೆ, ಇಲ್ಲ ಅನ್ನುವುದಿಲ್ಲ. ಅಮೆರಿಕದ ‘ದಿ ಸಿಂಪ್ಸನ್ಸ್’ 1989ರಲ್ಲಿ ಶುರುವಾದಾಗ ಬಾರ್ಟ್‌ಗೆ ಹತ್ತು ವರ್ಷ. ಈಗಲೂ ಹತ್ತೇ. ನಿಜವಾಗಿ ಬೆಳೆದಿದ್ದರೆ ಇವತ್ತು ಅವನು ಅವನಪ್ಪ ಹೋಮರ್‌ಗಿಂತ ದೊಡ್ಡವನು. ಅಪ್ಪನ ಹರೆಯದ ದಿನಗಳನ್ನೂ ಜರುಗಿಸುತ್ತಲೇ ಇರಬೇಕು. 1991ರ ಕಂತಿನಲ್ಲಿ ಹೋಮರ್ 1974ರಲ್ಲಿ ಹೈಸ್ಕೂಲ್ ಹುಡುಗ. 2008ರ ಕಂತಿನಲ್ಲಿ ಅವನ ಯೌವನ ತೊಂಬತ್ತರ ದಶಕಕ್ಕೆ ಬಂದು ಕೂತಿದೆ. ಜಪಾನಿನದೇ ಇನ್ನೊಂದು ಕಾರ್ಟೂನ್ ‘ಶಿನ್‌ಚಾನ್’ನಲ್ಲಿ ಇನ್ನೂ ಮಜಾ. 1996ರಲ್ಲಿ ಅವನಿಗೆ ತಂಗಿ ಹುಟ್ಟಿದಳು. ಅಮ್ಮ ಬಸುರಿಯಾಗಿ ಹೆರುವಷ್ಟು ಕಾಲ ಹೋಯಿತು, ಅಣ್ಣ ಐದೇ ವರ್ಷದಲ್ಲಿ ನಿಂತಿದ್ದಾನೆ. ತಂಗಿ ಇನ್ನೂ ಅಂಬೆಗಾಲು.

ಶಿನ್‌ಚಾನ್ ಅಂದರೆ ನನಗೆ ಅಕ್ಕನ ಮಗಳ ನೆನಪು. ಹಂಗಾಮಾ ಚಾನೆಲ್‌ನಲ್ಲಿ ಅವನು ಹಿಂದಿ ಮಾತಾಡುತ್ತಿದ್ದ. ಇವಳ ಹಿಂದಿಯೂ ಅಲ್ಲಿಂದಲೇ ಬಂದಿದ್ದು, ಸ್ಕೂಲಿನಲ್ಲಿ ಕಲಿಸುವುದಕ್ಕೂ ಮೊದಲೇ. ಅದೇ ಎಳೆದು ಎಳೆದು ಆಡುವ ಧಾಟಿ. ಅದಕ್ಕೆ ಅಕ್ಕನ ಹತ್ತಿರ ಪೆಟ್ಟು ಬೇರೆ. ಕಳೆದ ಸಲ ಊರಿಗೆ ಹೋದಾಗ ಅವಳು ಸೆಕೆಂಡ್ ಪಿಯು. ಬೆಳಿಗ್ಗೆ ಐದಕ್ಕೆ ಎದ್ದು ಕೋಚಿಂಗು, ಸಂಜೆ ಮತ್ತೆ ಕೋಚಿಂಗು. ಮನೆಯಲ್ಲಿ ಕೇಬಲ್ ತೆಗೆಸಿದ್ದರು. ಒಂದು ಬೆಳಿಗ್ಗೆ ಬಂದ ನೆಂಟರ ಚಿಕ್ಕ ಹುಡುಗ ಮೊಬೈಲಿನಲ್ಲಿ ಶಿನ್‌ಚಾನ್ ಹಾಕಿಕೊಂಡು ಕೂತಿದ್ದ. ಇವಳು ಒಗ್ಗರಣೆ ಮಂಡಕ್ಕಿ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲೇ ನಿಂತುಬಿಟ್ಟಳು. ಕೂರಲಿಲ್ಲ. ಕೂತರೆ ನೋಡಿದ ಹಾಗಾಗುತ್ತದಲ್ಲ! ಕಂತು ಪೂರ್ತಿ ಮುಗಿಯುವವರೆಗೂ ಕೈ ತಟ್ಟೆಗೆ ಹೋಗಲೇ ಇಲ್ಲ. ಹುರಿದ ಶೇಂಗಾ ಎಲ್ಲಾ ಒಂದು ಕಡೆಗೆ ಜಾರಿ ಕೂತಿದ್ದವು.

"ಇವನು ಒಂಚೂರಾದ್ರೂ ದೊಡ್ಡವನಾಗಬಾರದಾ?" ಅಂತ ಸುಮ್ನೆ ಕೆಣಕಿದೆ.

"ಬ್ಯಾಡ ಮಾಮ. ಆದ್ರೆ ಅವನಿಗೂ ನೀಟ್ ಬರೆಸ್ತಾರೆ."

ಇದಕ್ಕಿಂತ ದೊಡ್ಡ ವಾದ ನನ್ನ ಹತ್ತಿರ ಇಲ್ಲ. ಜಪಾನಿನಲ್ಲೂ ಪರೀಕ್ಷೆಯ ಕಾಟ ಕಡಿಮೆ ಏನಲ್ಲ. ಆದರೆ ಇಲ್ಲಿಯವರು ವಾರಕ್ಕೆ ಅರ್ಧ ಗಂಟೆ ಒಂದು ಮನೆಯನ್ನು ಅದರಿಂದ ಹೊರಗೆ ಇಟ್ಟಿದ್ದಾರೆ. ನನ್ನ ಪಕ್ಕದ ಮೇಜಿನವರೊಬ್ಬರು ಒಮ್ಮೆ ಹೇಳಿದ್ದು ಇದು. ಚಿಕ್ಕಂದಿನಲ್ಲಿ ಅವರು ವಕಾಮೆ ವಯಸ್ಸಿನವರು. ಆಮೇಲೆ ಕತ್ಸುವೊನನ್ನು ದಾಟಿದರು. ಕೆಲಸಕ್ಕೆ ಸೇರಿ ಸಜಾಯೆಯನ್ನು ದಾಟಿದರು. ಈಗ ನಮಿಹೇ ಹತ್ತಿರ ಹತ್ತಿರ ಬಂದಿದ್ದಾರೆ, ಅದೊಂದೇ ಭಯ ಅಂತ ನಕ್ಕರು. ತೆರೆಯ ಮೇಲಿನವರು ಅಲ್ಲಾಡದೆ ನಿಂತಿರುವುದರಿಂದಲೇ ಅಲ್ಲವೇ ಇವರಿಗೆ ತಾವೆಲ್ಲಿದ್ದೇವೆ ಅಂತ ಗೊತ್ತಾಗುವುದು? ಅದೂ ಒಬ್ಬರೇ ಮನೆಯಲ್ಲಿ ಕೂತು ಲೆಕ್ಕ ಹಾಕಿಕೊಳ್ಳುವುದು. ಜಯದೇವ ಸರ್ಕಲ್‌ನಲ್ಲಿ ನಿಲ್ಲಿಸಿ ಯಾರೂ ಕೇಳುವುದಿಲ್ಲ.

ವಯಸ್ಸು ಕೊಟ್ಟವರೂ ಇದ್ದಾರೆ. ‘ಡ್ರ್ಯಾಗನ್ ಬಾಲ್’ನ ಗೋಕು ಹುಡುಗನಾಗಿದ್ದವನು ತಾತನಾದ. ‘ನರುಟೊ’ ಕಾರ್ಟೂನಿನ ನರುಟೊಗೆ ಮದುವೆಯಾಗಿ, ಮಗ ಬೊರುಟೊನ ಹೆಸರಲ್ಲೇ 2017ರಲ್ಲಿ ಬೇರೆ ಕಾರ್ಟೂನ್ ಬಂತು. ಅವು ಯುದ್ಧದ ಕಥೆಗಳು, ಮೊದಲಿಂದಲೂ ಮುಂದಕ್ಕೆ ಓಡುವಂಥವು. ಅವನ್ನು ಬಿಡಿ. ಮನೆ ಮಠದ ಕಥೆಯಲ್ಲೂ ಒಬ್ಬರು ಕೈ ಹಾಕಿದರು. ಅಮೆರಿಕದ ‘ಕಿಂಗ್ ಆಫ್ ದಿ ಹಿಲ್’ ಕಾರ್ಟೂನ್ 2025ರಲ್ಲಿ ವಾಪಸು ಬಂದಾಗ ಮುದ್ದುಮುಖದ ಮಗ ಬಾಬಿಗೆ 21 ತುಂಬಿತ್ತು, ಅಡುಗೆ ಭಟ್ಟನಾಗಿದ್ದ. ಅಪ್ಪ ಅಮ್ಮನಿಗೆ ನರೆ ಬಂದಿತ್ತು. ನೋಡಿದೆ. ಚೆನ್ನಾಗಿಲ್ಲ ಅಂತ ಹೇಳಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ನನ್ನ ಈ ವಾದವನ್ನು ಅಕ್ಕನ ಮುಂದೆ ಇಟ್ಟಾಗ ಅವಳು ಕಾರ್ಟೂನಿನ ಮಾತೇ ಎತ್ತಲಿಲ್ಲ. ನೇರ ನನ್ನ ಬುಡಕ್ಕೇ ಬಂದಳು. ಊರಿಗೆ ಬಂದಾಗಲೆಲ್ಲಾ ನಾನು ಮಾಡುವ ಗೊಣಗಾಟ ಅವಳಿಗೆ ಬಾಯಿಪಾಠ. ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಕಲ್ಲುಬೆಂಚು ತೆಗೆದು ಸನ್‌ಮೈಕಾ ಟೇಬಲ್ ಹಾಕಿದ್ದು, ಗಲ್ಲಾಪೆಟ್ಟಿಗೆ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದು, ಸ್ಮಾರ್ಟ್ ಸಿಟಿ ಅಂತ ರಸ್ತೆ ಅಗೆದದ್ದು, ಟಾಕೀಸುಗಳು ಮುಚ್ಚಿದ್ದು.

"ನೀನು ಅಲ್ಲಿ ಬುಲೆಟ್ ಟ್ರೇನಲ್ಲಿ ಓಡಾಡ್ತೀಯ. ನಾವಿಲ್ಲಿ ರೈಲ್ವೆ ಗೇಟ್ ಹತ್ರ ಗಾಡಿ ಆಫ್ ಮಾಡ್ಕೊಂಡು ನಿಂತಿರ್ಬೇಕಾ, ನೀನು ಬಂದು ನೋಡಿ ಖುಷಿಪಡೋಕೆ? ಇಲ್ಲಿ ಇರೋರು ನಾವು ಕಣೋ. ನಮಗೆ ವಯಸ್ಸಾಗ್ತೈತೆ, ಊರಿಗೂ ಆಗ್ಲಿ ಬಿಡು."

ಅದು ಬೇರೆ, ಇದು ಬೇರೆ ಅಂತ ವಾದಿಸಿದೆ. ಪೂರ್ತಿ ಬೇರೆ ಅಲ್ಲ ಅಂತ ನನಗೂ ಗೊತ್ತು. ಊರು ಬಿಟ್ಟವನಿಗೆ ಊರು ನಿಂತಲ್ಲೇ ನಿಂತಿರಲಿ ಅನ್ನುವ ಆಸೆ ಇರುತ್ತದೆ. ಆ ಆಸೆಯನ್ನು ದೋಸೆ ಹೋಟೆಲಿನವರು ತೀರಿಸಲಾರರು, ಜಪಾನಿನ ಕಾರ್ಟೂನಿನವರು ತೀರಿಸುತ್ತಾರೆ.

ಇನ್ನೊಂದು ವಿಷಯ ಅಮ್ಮ ಎತ್ತಿದ್ದು, ಅದಕ್ಕೂ ನನ್ನಲ್ಲಿ ಜವಾಬಿಲ್ಲ. ಇಲ್ಲಿದ್ದಾಗ ಒಂದು ಭಾನುವಾರ ಅವಳು ಸಜಾಯೆಯ ತಾಯಿ ಫುನೆಯನ್ನೇ ನೋಡುತ್ತಿದ್ದಳು. ಕಿಮೋನೋ, ಅದರ ಮೇಲೆ ಅಡುಗೆಯ ಬಿಳಿ ಅಂಗಿ. ಎಲ್ಲರಿಗೂ ಬಡಿಸುವುದು, ಗಂಡ ಬಂದಾಗ ಎದ್ದು ಹೋಗುವುದು. "ಈಯಮ್ಮ ಯಾವಾಗಿಂದ ಹಿಂಗೆ ಮಾಡ್ತಾ ಇದಾಳೆ?" ಅಂತ ಕೇಳಿದಳು. 1969ರಿಂದ ಅಂದೆ. "ಅಯ್ಯೋ ಪಾಪ" ಅಂದಳು. ಅವಳ ಮೊಣಕಾಲಿನ ಮೇಲೆ ಅವಳದೇ ಕೈ ಇತ್ತು.

ಧ್ವನಿ ಕೊಡುವವರಿಗಂತೂ ವಯಸ್ಸಾಗಿಯೇ ಆಗುತ್ತದೆ. ಸಜಾಯೆಗೆ ಮೊದಲ ಕಂತಿನಿಂದ ಧ್ವನಿ ಕೊಟ್ಟ ಮಿದೋರಿ ಕಾತೋ ಎಂಬತ್ತು ದಾಟಿದ ಮೇಲೂ 24ರ ಹುಡುಗಿಯಾಗಿ ಮಾತಾಡಿದರು. ನಮಿಹೇಯ ಧ್ವನಿಯಾಗಿದ್ದ ಇಚಿರೋ ನಾಗಾಯಿ 2014ರ ಜನವರಿಯಲ್ಲಿ ತೀರಿಕೊಂಡರು. ನಾನಾಗ ಇಲ್ಲಿಗೆ ಬಂದ ಹೊಸದು, ಭಾಷೆ ಅಷ್ಟಕ್ಕಷ್ಟೇ. ಆದರೂ ಒಂದು ಭಾನುವಾರ ಆ ಮನೆಯ ಯಜಮಾನನ ಗದರಿಕೆ ಬೇರೆ ಗಂಟಲಿನಿಂದ ಬಂದದ್ದು ನನಗೂ ತಿಳಿಯಿತು.

ಹಾಗಾಗಿ ಸ್ವಲ್ಪ ಬಿಟ್ಟುಕೊಡುತ್ತೇನೆ, ಪೂರ್ತಿ ಅಲ್ಲ. ವಯಸ್ಸು ಬೇರೆ, ಕಾಲ ಬೇರೆ ಅಂತ ಮಾಡಿದರೆ ಆಯಿತು. ಮಕ್ಕಳ ವಯಸ್ಸಿಗೆ ಕೈ ಹಚ್ಚಬೇಡಿ, ಮನೆಯನ್ನು ಬೇಕಾದರೆ ಬದಲಾಯಿಸಿ. ಫುನೆಗೆ ವಾರಕ್ಕೊಂದು ದಿನ ರಜೆ ಕೊಡಿ, ನಮಿಹೇ ಅಕ್ಕಿ ತೊಳೆಯಲಿ, ಆ ಒಂಟಿ ಕೂದಲು ಹಾಗೇ ನಿಂತಿರಲಿ. ನಮ್ಮ ಚುಟ್ಕಿಗೂ ಏಳು ವರ್ಷವೇ ಇರಲಿ. ಆದರೆ ಭೀಮನಿಗೆ ಲಡ್ಡು ಒದಗಿಸಿ ಒದಗಿಸಿ ಸಾಕಾಗಿರಬೇಕು ಅದಕ್ಕೆ. ಮುಂದಿನ ಕಂತಿನಿಂದ ಲಡ್ಡು ಅವಳೇ ತಿನ್ನಲಿ, ರಾಕ್ಷಸರನ್ನು ಅವಳೇ ಬಡಿಯಲಿ, ಮದುವೆ ಸುದ್ದಿ ತೆಗೆದವರಿಗೂ ಎರಡು ಬಿಡಲಿ.